ಗೇಟಿನಾಚೆ ಕೂಗುವವಳಿಗೆ ಓಗೊಡಿ, ಅಕ್ಕೋರೇ

2021ರ ಮೇ ತಿಂಗಳು, ಕೋವಿಡ್ ಎರಡನೇ ಅಲೆಯ ನಡುವೆ ಕರಾವಳಿಯ ಅಂಕೋಲೆಯಿಂದ ಬಂದ ಪತ್ರ. ಎಡಕ್ಕೆ ಅಂಚು ಬಿಟ್ಟು, ಒಂದೂ ಚಿತ್ತಿಲ್ಲದೆ ದುಂಡಕ್ಷರದಲ್ಲಿ ಬರೆದ ಆರು ಪುಟ. ಅಂಚೆ ಡಬ್ಬಿಯ ತನಕ ಹೋಗಲು ಹೆದರಿಕೆಯಾಗಿ ಪುಟಪುಟವನ್ನೂ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದ್ದಾರೆ. ಹೆಸರು ಬೇಡ ಎಂದಿದ್ದಾರೆ, ಹಾಕುವುದಿಲ್ಲ. ಊರವರೆಲ್ಲ ಕರೆಯುವ ಹಾಗೆ ನಾನೂ ಅಕ್ಕೋರು, ಅಂದರೆ ಟೀಚರಮ್ಮ, ಎಂದೇ ಕರೆಯುತ್ತೇನೆ.

ವಯಸ್ಸು 63. ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಯಜಮಾನರು ಇಲ್ಲ, ಒಬ್ಬನೇ ಮಗ ಪುಣೆಯಲ್ಲಿ. 2020ರ ಮಾರ್ಚ್ 25ಕ್ಕೆ ಶುರುವಾದ ಮೊದಲ ಲಾಕ್‌ಡೌನನ್ನು ಇವರು ಹಪ್ಪಳ ಸಂಡಿಗೆ ಹಾಕಿ, ದೂರದರ್ಶನದಲ್ಲಿ ಮತ್ತೆ ಬಂದ ರಾಮಾಯಣ ನೋಡಿ ಕಳೆದುಬಿಟ್ಟರು. ಈ ವರ್ಷ ಹಾಗಾಗಲಿಲ್ಲ. ಏಪ್ರಿಲ್ ಕೊನೆಯಲ್ಲಿ, ಕರ್ಫ್ಯೂ ಬಿದ್ದ ವಾರವೇ, ಇವರ ಶಾಲೆಯಲ್ಲೇ ಕಲಿಸಿದ್ದ ಮಾಸ್ತರೊಬ್ಬರು ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಅವರ ಮನೆಗೆ ಹೋಗಿ ಮಾತಾಡಿಸಿ ಬರಲಿಕ್ಕೂ ಆಗಲಿಲ್ಲ. ಅಂದಿನಿಂದ ಅಕ್ಕೋರು ಗೇಟು ದಾಟಿಲ್ಲ. ಹಾಲಿನ ಪ್ಯಾಕೆಟಿಗೆ ಗೇಟಿನಲ್ಲಿ ಚೀಲ ತೂಗುಹಾಕಿದ್ದಾರೆ. ತರಕಾರಿಯನ್ನು ಸೋಪಿನ ನೀರಲ್ಲಿ ತೊಳೆಯುತ್ತಾರೆ. ರಾತ್ರಿ ಎರಡಕ್ಕೆ ಎಚ್ಚರವಾದರೆ ಎದ್ದು ಹೋಗಿ ಕಾಫಿಪುಡಿ ಡಬ್ಬಿ ಮೂಸಿ, ವಾಸನೆ ಬರುತ್ತಿದೆ ಎಂದು ಖಾತ್ರಿ ಮಾಡಿಕೊಂಡು ಮಲಗುತ್ತಾರೆ. ಕೋವಿಶೀಲ್ಡ್ ಲಸಿಕೆಯ ಮೊದಲ ಡೋಸ್ ಮಾರ್ಚ್‌ನಲ್ಲೇ ಆಗಿದೆ. ಮೇ 13ರಂದು ಎರಡು ಡೋಸಿನ ಅಂತರ 12ರಿಂದ 16 ವಾರಕ್ಕೆ ಹೋಯಿತಲ್ಲ, ಆ ಸುದ್ದಿ ಕೇಳಿದ ಮೇಲೆ ಎದೆಬಡಿತ ಜೋರಾಗಿದೆ. ಮಗ ದಿನಕ್ಕೆ ಮೂರು ಸಲ ವಿಡಿಯೋ ಕಾಲ್ ಮಾಡಿ, ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ತೋರಿಸು ಎನ್ನುತ್ತಾನೆ. ಹುಬ್ಬಳ್ಳಿಯ ತಂಗಿಯೂ ದಿನಾ ಫೋನ್ ಮಾಡುತ್ತಾಳೆ. ಕೊನೆಗೆ ಅಕ್ಕೋರು ಕೇಳುವುದಿಷ್ಟು: "ದಿನಕ್ಕೆ ಎರಡು ತಾಸು ಮಾತಾಡುತ್ತೇನೆ. ಆದರೂ ಬಾವಿಯೊಳಗೆ ಕೂತ ಹಾಗಿದೆ. ನನಗೆ ಹುಚ್ಚು ಹಿಡಿಯುತ್ತಿದೆಯೇ?"

ಇಲ್ಲ ಅಕ್ಕೋರೇ. ಊರಿಗೆ ಊರೇ ಹೆದರಿ ಕೂತಿರುವಾಗ ಹೆದರದೆ ತಿರುಗಾಡುವವರ ಬಗ್ಗೆಯೇ ನನಗೆ ಹೆಚ್ಚು ಚಿಂತೆ. ಆ ಪ್ರಶ್ನೆ ಅಲ್ಲಿಗೆ ಬಿಡಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ನಾಲ್ಕನೆಯ ಪುಟದ ಅಡಿಯಲ್ಲಿರುವ ಮೂರು ಸಾಲು. ಹಾಲು ತರಕಾರಿಯ ವ್ಯವಸ್ಥೆ ವಿವರಿಸುತ್ತ ನೀವು ಬರೆದಿದ್ದೀರಿ: "ಇಪ್ಪತ್ತು ವರ್ಷದಿಂದ ಮೀನು ತರುವವಳು ಈಗಲೂ ಒಂಬತ್ತು ಗಂಟೆಗೆ ಬಂದು ಕೂಗುತ್ತಾಳೆ. ನಾನು ಓಗೊಡುವುದಿಲ್ಲ, ಅಡುಗೆಮನೆಯಲ್ಲಿ ಸದ್ದು ಮಾಡದೆ ನಿಂತಿರುತ್ತೇನೆ. ಸ್ವಲ್ಪ ಹೊತ್ತು ಕಾದು ಹೋಗುತ್ತಾಳೆ." ಇಷ್ಟು ಹೇಳಿ, ಮುಂದಿನ ಸಾಲಿನಲ್ಲೇ ಕೊತ್ತಂಬರಿ ಸೊಪ್ಪು ತೊಳೆಯುವ ಕ್ರಮಕ್ಕೆ ಹೋಗಿಬಿಟ್ಟಿದ್ದೀರಿ.

ಐದನೆಯ ಪುಟದಲ್ಲಿ ಎದೆಬಡಿತದ ವಿವರ ಇದೆ. ಅದು ಬರುವುದು "ಹೆಚ್ಚಾಗಿ ಬೆಳಿಗ್ಗೆ ಒಂಬತ್ತು, ಒಂಬತ್ತೂವರೆಗೆ." ಒಂಬತ್ತೂವರೆಗೆ ಮಗನ ಮೊದಲ ಕಾಲ್. ಆಕ್ಸಿಮೀಟರಿನಲ್ಲಿ ಆಮ್ಲಜನಕ 98, ನಾಡಿಬಡಿತ 108. ಮಗ ಆ 108 ನೋಡಿ ಗಾಬರಿಬಿದ್ದು "ಅಮ್ಮಾ, ಏನಾಗ್ತಿದೆ" ಎನ್ನುತ್ತಾನೆ, ಅವನ ಮುಖ ನೋಡಿ ನಿಮ್ಮದು ಇನ್ನೂ ಏರುತ್ತದೆ. ನಾಲ್ಕನೆಯ ಪುಟವನ್ನೂ ಐದನೆಯ ಪುಟವನ್ನೂ ಪಕ್ಕಪಕ್ಕ ಇಟ್ಟು ಓದಿ. ಬಾಗಿಲಲ್ಲಿ ಪರಿಚಯದ ದನಿ ಕರೆಯುತ್ತಿರುವಾಗ, ನಿಮ್ಮದೇ ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು ಅಡಗಿ ನಿಂತರೆ ಎದೆ ಹೊಡೆದುಕೊಳ್ಳದೆ ಇನ್ನೇನು ಮಾಡೀತು?

ಹಾಗೆಂದು ಎಲ್ಲ ಮನಸ್ಸಿನದೇ ಎಂದು ಇಲ್ಲಿ ಕೂತು ಹೇಳುವ ಧೈರ್ಯ ನನಗಿಲ್ಲ. ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತೇನೆ ಎಂದು ನೀವೇ ಬರೆದಿದ್ದೀರಿ. ಮಾತ್ರೆ ಬರೆದುಕೊಟ್ಟ ವೈದ್ಯರಿಗೆ ಇವತ್ತೇ ಫೋನ್ ಮಾಡಿ ಎದೆಬಡಿತದ ವಿಷಯ ತಿಳಿಸಿ. ಎದೆನೋವು, ಏದುಸಿರು, ಬೆವರು ಬಂದರೆ ಈ ಅಂಕಣ ಬದಿಗಿಟ್ಟು ಆಸ್ಪತ್ರೆಗೆ ಹೋಗಿ. ರಾತ್ರಿಯ ನಿದ್ದೆ ಹೀಗೇ ಕೆಡುತ್ತಿದ್ದರೆ ನಿಮ್ಹಾನ್ಸ್‌ನವರ ಮಾನಸಿಕ ಆರೋಗ್ಯದ ಸಹಾಯವಾಣಿ ಇದೆ, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅವರ ಜೊತೆ ಮಾತಾಡಿದರೆ ಹುಚ್ಚಿನ ಹಣೆಪಟ್ಟಿ ಬೀಳುತ್ತದೆ ಎಂಬ ಅಳುಕಿದ್ದರೆ ಬಿಟ್ಟುಬಿಡಿ. ಸೋಪಿನ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ: ತರಕಾರಿಗೆ ಸಾದಾ ನೀರು ಸಾಕು. ಈ ರೋಗ ಮುಖ್ಯವಾಗಿ ಉಸಿರಿನಿಂದ, ಅದರಲ್ಲೂ ಗಾಳಿಯಾಡದ ಕೋಣೆಯಲ್ಲಿ ಹಬ್ಬುವುದು. ಕೊತ್ತಂಬರಿ ಸೊಪ್ಪಿಗೆ ಹತ್ತಿದ ಸೋಪು ಹೊಟ್ಟೆಗೆ ಹೋದರೆ ಅದೇ ಬೇರೆ ಕಷ್ಟ.

ಇನ್ನು ನಿಮ್ಮ ಮಗ. ನೀವು ಪುಟಕ್ಕೆ ಎರಡು ಸಲ "ಪಾಪ, ಅವನಿಗೆ ಎಷ್ಟು ಕಾಳಜಿ" ಎಂದು ಬರೆದಿದ್ದೀರಿ. ಅವನ ಮೇಲೆ ನನಗೆ ಸಿಟ್ಟು ಬಂತು. ಅಮ್ಮ ದೂರದಲ್ಲಿ ಒಬ್ಬಳೇ ಇದ್ದಾಳೆ ಎಂಬ ಸಂಕಟ ಅವನಿಗಿದೆ, ಒಪ್ಪುತ್ತೇನೆ. ಆದರೆ ಆ ಸಂಕಟ ತನ್ನದು ಎಂದು ಅವನು ಇಟ್ಟುಕೊಳ್ಳಬೇಕಿತ್ತು. ಅವನು ಅದನ್ನು ಒಂದು ಯಂತ್ರ ಮಾಡಿ ಕೊರಿಯರಿನಲ್ಲಿ ನಿಮಗೆ ಕಳಿಸಿದ. ಜ್ವರ ಕೆಮ್ಮು ಬಂದವರಿಗೆ, ಸೋಂಕು ತಗುಲಿ ಮನೆಯಲ್ಲೇ ಇರುವವರಿಗೆ ಆಕ್ಸಿಮೀಟರ್ ಬೇಕು. ಅಂಥವರಿಗೆ 94ರ ಕೆಳಗಿಳಿದರೆ ತಡಮಾಡದೆ ವೈದ್ಯರನ್ನು ಕಾಣಲೇಬೇಕು. ಏನೂ ಇಲ್ಲದ ನೀವು ದಿನಕ್ಕೆ ಮೂರು ಸಲ ಬೆರಳು ಸಿಕ್ಕಿಸಿಕೊಂಡು ಕೂತರೆ, ಕೈ ತಣ್ಣಗಿದ್ದರೂ ಅಂಕಿ ತಪ್ಪು ಬರುತ್ತದೆ, ಉಗುರುಬಣ್ಣ, ಮದರಂಗಿ ಇದ್ದರೂ ಬರುತ್ತದೆ. ನಿಮ್ಮ ಕೈಯೋ, ಸೋಪಿನ ನೀರಲ್ಲಿ ಅರ್ಧ ದಿನ ನೆನೆಯುವಂಥದ್ದು. ಅದಕ್ಕಿಂತ ದೊಡ್ಡ ತಪ್ಪು, ಮೀನಿನವಳಿಗೆ ಬಾಗಿಲು ತೆಗೆಯಬೇಡ ಎಂದು ಹೇಳಿದವನೂ ಅವನೇ. "ಅವಳು ಎಲ್ಲೆಲ್ಲಿ ತಿರುಗಿ ಬಂದಿರುತ್ತಾಳೋ" ಎಂದನಂತೆ. ಕೊರಿಯರ್ ತಂದುಕೊಟ್ಟ ಹುಡುಗ ಎಲ್ಲೂ ತಿರುಗದೆ ನೆಟ್ಟಗೆ ಪುಣೆಯಿಂದ ನಿಮ್ಮ ಗೇಟಿಗೇ ಬಂದನೇನು?

ಈ ಅಂಕಣವನ್ನು ಬಿಡದೆ ಓದುವವರಿಗೆ ನನ್ನ ಹಳೇ ರಾಗ ಗೊತ್ತಿದೆ, ಸಹಿಸಿಕೊಳ್ಳಲಿ. ಮನುಷ್ಯರು ಬದುಕುವುದು ಹತ್ತಿರದವರಿಂದ ಎಷ್ಟೋ ಅಷ್ಟೇ ಮುಖಪರಿಚಯದವರಿಂದ. ಬಸ್ಸಿನಲ್ಲಿ ಚಿಲ್ಲರೆಗೆ ಜಗಳ ಆಡುವ ಕಂಡಕ್ಟರು, "ಇವತ್ತು ಏನೂ ಇಲ್ರೀ" ಎಂದು ಸೈಕಲ್ ನಿಲ್ಲಿಸದೆ ಹೋಗುವ ಪೋಸ್ಟ್‌ಮನ್, ಹೂವಿನವಳು, ಹಿಟ್ಟಿನ ಗಿರಣಿಯವನು. ಇವರು ಯಾರೂ ನಮ್ಮನ್ನು ಪ್ರೀತಿಸಬೇಕಿಲ್ಲ. ಅದೇ ಅವರಿಂದ ಸಿಗುವ ಸುಖ. ಮಗ, ತಂಗಿ ಫೋನ್ ಮಾಡಿದರೆ ನಿಮ್ಮ ಜೀವದ ಮಾತು ಬಿಟ್ಟು ಬೇರೆ ಮಾತಿಲ್ಲ: ಊಟ ಆಯ್ತಾ, ಮಾತ್ರೆ ಆಯ್ತಾ, ಬೀದಿಯಲ್ಲಿ ಇನ್ನು ಯಾರಿಗೆ ಬಂತು, ಯಾರು ಹೋದರು. ಎರಡು ತಾಸು ಮಾತು ಎಂದು ನೀವು ಲೆಕ್ಕ ಕೊಟ್ಟದ್ದು ಎರಡು ತಾಸು ವಿಚಾರಣೆ. ಅದು ಮುಗಿದ ಮೇಲೆ ಟೀವಿ ಹಾಕಿದರೆ ಅಲ್ಲೂ ಅದೇ, ಕೆಂಪು ಪಟ್ಟಿಯಲ್ಲಿ ಜಿಲ್ಲಾವಾರು. (ಸುದ್ದಿ ಚಾನೆಲ್ಲಿನ ಬಗ್ಗೆ ನನ್ನ ಅಭಿಪ್ರಾಯ ಗೊತ್ತೇ ಇದೆ. ಬೆಳಿಗ್ಗೆ ಪೇಪರು ಓದಿ, ಸಾಕು.)

ನಾನು ಘಟ್ಟದ ಮೇಲಿನವಳು, ಮೀನು ತಿನ್ನದ ಮನೆಯಲ್ಲಿ ಬೆಳೆದವಳು. ಕುಮಟೆಯಲ್ಲಿ ಬಾಡಿಗೆಗೆ ಇದ್ದಾಗ ಪಕ್ಕದ ಮನೆಯ ಅಂಗಳದಲ್ಲಿ ನಡೆಯುತ್ತಿದ್ದ ವ್ಯಾಪಾರವನ್ನು ಮಾತ್ರ ಬೇಲಿಗೆ ಆತು ನಿಂತು ಕಣ್ಣು ತುಂಬ ನೋಡಿದ್ದೇನೆ. ಬುಟ್ಟಿ ತಲೆಯಿಂದ ಇಳಿಯುವ ಮೊದಲೇ ಮನೆಯೊಡತಿ "ನಿನ್ನೆಯದಾ?" ಎಂದು ಶುರು ಮಾಡುತ್ತಿದ್ದಳು. ಮಾರುವವಳು ಉತ್ತರ ಕೊಡದೆ ಒಂದು ಬಂಗಡೆ ಎತ್ತಿ, ಹೆಬ್ಬೆರಳಲ್ಲಿ ಕಿವಿರು ಬಿಡಿಸಿ, ಒಳಗಿನ ಕೆಂಪನ್ನು ಅವಳ ಮೂಗಿನ ತುದಿಗೆ ಹಿಡಿಯುತ್ತಿದ್ದಳು. ನೂರಕ್ಕೆ ಆರು ಎಂದರೆ ಇವಳು ಹತ್ತು ಎನ್ನುವಳು. ಅವಳು ಬುಟ್ಟಿ ಹೊತ್ತು ಹೊರಟೇಬಿಟ್ಟಳು ಎನ್ನುವಷ್ಟರಲ್ಲಿ ಇವಳು ಒಳಗೆ ಹೋದ ಹಾಗೆ ಮಾಡುವಳು, ಇಬ್ಬರೂ ಎರಡು ಹೆಜ್ಜೆಗೆ ನಿಲ್ಲುವರು. ಎಂಟಕ್ಕೆ ಮುಗಿದ ಮೇಲೆ ಕೊಸರಿಗೆ ಒಂದು ಹಿಡಿ ಶೆಟ್ಲಿ (ಸಿಗಡಿ) ಬಿದ್ದೇ ಬೀಳುತ್ತಿತ್ತು. ಅಷ್ಟರಲ್ಲಿ ಯಾರ ಮನೆಯ ಹುಡುಗಿಯ ಮದುವೆ ನಿಶ್ಚಯವಾಯಿತು, ಯಾವ ದೋಣಿಯ ಬಲೆ ಹರಿಯಿತು, ಎಲ್ಲ ವರದಿಯೂ ಆಗಿರುತ್ತಿತ್ತು. ಇಬ್ಬರ ನಾಡಿ ಆಗ ಎಷ್ಟಿತ್ತೋ, ಯಾರೂ ನೋಡಲಿಲ್ಲ.

ನಿಮ್ಮ ಬೆಳಗಿನಲ್ಲಿ ಖಾಲಿಯಾದದ್ದು ಈ ಜಾಗ. ಅಲ್ಲಿಗೆ ಆಕ್ಸಿಮೀಟರ್ ಬಂದು ಕೂತಿದೆ.

ಅವಳ ಕಡೆಯಿಂದಲೂ ಸ್ವಲ್ಪ ನೋಡಬೇಕು, ಏಕೆಂದರೆ ಆರು ಪುಟದಲ್ಲಿ ನೀವು ನೋಡಿಲ್ಲ. ಇಪ್ಪತ್ತು ವರ್ಷ ಎಂದು ಬರೆದವರು ಅವಳ ಹೆಸರೊಂದನ್ನು ಬರೆದಿಲ್ಲ. ಮೇ 10ರಿಂದ ಬಿಗಿ ಲಾಕ್‌ಡೌನ್, ಬೆಳಿಗ್ಗೆ 6ರಿಂದ 10ರ ಒಳಗೆ ಅವಳ ವ್ಯಾಪಾರ ಮುಗಿಯಬೇಕು. ನಡುವೆ ತೌಕ್ತೆ ಚಂಡಮಾರುತ ಬಂದು ದೋಣಿಗಳು ಕಡಲಿಗೆ ಇಳಿಯದೆ ದಡದಲ್ಲಿ ಉಳಿದವು. ಹೋಟೆಲು ಮುಚ್ಚಿದೆ, ಮದುವೆ ಊಟವಿಲ್ಲ, ನಿಮ್ಮಂಥ ಖಾಯಂ ಮನೆಗಳು ಬಾಗಿಲು ಹಾಕಿವೆ. ಸಿಗುವ ನಾಲ್ಕು ತಾಸಿನಲ್ಲಿ, ಓಗೊಡದ ಮನೆಯ ಮುಂದೆ ಕಾಯುವಷ್ಟು ಪುರುಸೊತ್ತು ಯಾರಿಗಿರುತ್ತದೆ? ಆದರೂ ಅವಳು ಕಾಯುತ್ತಾಳೆ. ಅಕ್ಕೋರು ಇದ್ದಾರೋ ಇಲ್ಲವೋ ಎಂದು ನೋಡಿ ಹೋಗಲು ಬರುತ್ತಾಳೆ ಎಂದು ನಾನು ಓದಿಕೊಂಡೆ. ಬರೀ ದಾರಿಯಲ್ಲಿ ಸಿಗುವ ಮನೆ ಎಂದು ಕೂಗುತ್ತಿರಲೂಬಹುದು. ಅವಳನ್ನೇ ಕೇಳಿದರೆ ಗೊತ್ತಾಗುತ್ತದೆ.

ಪ್ರಾಣಾಯಾಮ, ಕಷಾಯ, ದಿನಚರಿ ಬರೆಯುವುದು, ಇದನ್ನೆಲ್ಲ ನಿಮಗೆ ಈಗಾಗಲೇ ಹತ್ತು ಜನ ಹೇಳಿರುತ್ತಾರೆ. ನಾನು ಹೇಳುವುದು ಒಂದೇ. ನಾಳೆ ಒಂಬತ್ತಕ್ಕೆ "ಅಕ್ಕೋರೇ, ಮೀನ್ ಬೇಕ್ರಾ?" ಎಂದು ಕೇಳಿದ ಕೂಡಲೇ ಓಗೊಡಿ. ಮಾಸ್ಕ್ ಹಾಕಿಕೊಂಡು ಹೊರಗೆ ಬನ್ನಿ. ಅವಳ ಬಳಿ ಮಾಸ್ಕ್ ಇಲ್ಲದಿದ್ದರೆ ಒಂದು ಕೊಡಿ, ಹಾಕಿಕೊಳ್ಳಲು ಹೇಳಿ, ಅಧಿಕಾರದಿಂದಲೇ ಹೇಳಿ, ನೀವು ಅಕ್ಕೋರು. ಅವಳು ಪಾಗಾರದ ಆಚೆ, ನೀವು ಈಚೆ, ನಡುವೆ ಆರು ಅಡಿ, ಮೇಲೆ ಬಯಲು ಗಾಳಿ. ಪಾತ್ರೆಯನ್ನು ಗೇಟಿನ ಕಂಬದ ಮೇಲಿಟ್ಟು ಹಿಂದೆ ಸರಿಯಿರಿ, ಅವಳು ಮೀನು ಹಾಕಲಿ. ಕಿವಿರು ನೋಡುವುದಿದ್ದರೆ ಅವಳೇ ಬಿಡಿಸಿ ತೋರಿಸಲಿ. ಚೌಕಾಸಿ ಬಿಡಬೇಡಿ. ದಾನ ಮಾಡುವ ಹಾಗೆ ಕೇಳಿದಷ್ಟು ಕೊಟ್ಟು ಒಳಗೆ ಹೋದರೆ ಇಬ್ಬರಿಗೂ ಪ್ರಯೋಜನವಿಲ್ಲ. ಹಿತ್ತಲಿನ ಇಶಾಡು ಮಾವು ಬಿದ್ದು ಕೊಳೆಯುತ್ತಿದೆ ಎಂದು ಬರೆದಿದ್ದೀರಿ, ನಾಲ್ಕು ಹಣ್ಣು ಕೊಟ್ಟು ಕಳಿಸಿ. ಹತ್ತು ನಿಮಿಷ ಸಾಕು. ಆಮೇಲೆ ಕೈ ತೊಳೆದುಕೊಳ್ಳಿ, ಅದು ಹೇಗೂ ನಿಮಗೆ ಹೇಳಬೇಕಿಲ್ಲ.

ಒಂಬತ್ತೂವರೆಗೆ ಮಗ ಕಾಲ್ ಮಾಡಿದರೆ ಮೀನು ಸೋಸುತ್ತಿದ್ದೇನೆ, ಸಂಜೆ ಮಾತಾಡುತ್ತೇನೆ ಎಂದು ಹೇಳಿ ಇಟ್ಟುಬಿಡಿ. ಆಕ್ಸಿಮೀಟರ್ ಕಪಾಟಿನಲ್ಲಿರಲಿ. ಜ್ವರವೋ ಕೆಮ್ಮೋ ಬಂದ ದಿನ ತೆಗೆಯಿರಿ. ಕೂಗಾಡಿದರೆ ಈ ಬರಹ ಅವನಿಗೆ ಕಳಿಸಿ, ಬೈಗುಳ ನನಗೆ ಬರಲಿ.

ಮೊದಲ ದಿನ ಗೇಟಿನ ತನಕ ಬರುವಾಗ ಕಾಲು ನಡುಗಬಹುದು. ನಡುಗಲಿ. ಅಂಥ ಗಾಬರಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೇರಿ ಇಳಿಯತೊಡಗುತ್ತದೆ. ನೀವು ಒಳಕ್ಕೆ ಓಡಿದರೆ ಮಾತ್ರ ಮರುದಿನ ಇನ್ನಷ್ಟು ಜೋರಾಗಿ ಬರುತ್ತದೆ. ಕಂಬ ಹಿಡಿದು ನಿಂತುಕೊಳ್ಳಿ.

ತಡ ಮಾಡಲು ಸಮಯವಿಲ್ಲ. ಲಾಕ್‌ಡೌನ್ ಜೂನ್ 7ರ ತನಕ ಮುಂದೆ ಹೋಗಿದೆ. ಅದು ತೆಗೆದ ಮೇಲೆ ನೋಡೋಣ ಎಂದು ನೀವು ಕೂತರೆ, ಅಷ್ಟರಲ್ಲಿ ಜೂನ್ 1 ಬಂದಿರುತ್ತದೆ. ಅಂದಿನಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಮೇಲೆ ಅವಳ ಬುಟ್ಟಿಯಲ್ಲಿ ಒಣಮೀನು, ಬೆಳಚು (ಚಿಪ್ಪುಮೀನು), ನಾಡದೋಣಿಯವರು ತಂದ ಅಷ್ಟಿಷ್ಟು. ಮಳೆ ಹಿಡಿದ ದಿನ ಬರುವುದೂ ಇಲ್ಲ. ಹಾಗಾಗಿ ನಾಳೆಯೇ. ಇವತ್ತು ರಾತ್ರಿ ಎರಡಕ್ಕೆ ಎಚ್ಚರವಾದರೆ ಕಾಫಿಪುಡಿ ಡಬ್ಬಿ ಬಿಟ್ಟು ಪರ್ಸು ತೆಗೆದು ಚಿಲ್ಲರೆ ಎಣಿಸಿಡಿ. ಮೊದಲ ಬೋಣಿಗೆಗೆ ಐನೂರರ ನೋಟು ಕೊಟ್ಟರೆ ಅವಳ ಹತ್ತಿರ ಚಿಲ್ಲರೆ ಇರುವುದಿಲ್ಲ.