ನಿಮ್ಮ ಲೇಖನ ಆರನೇ ಪುಟದಲ್ಲಿ ಶುರುವಾಗುತ್ತದೆ

ಆತ್ಮೀಯರೇ, ನಮಸ್ಕಾರ.

ನಾರ್ವೆಯ ಹೆಸರೊಂದರ ಬಗ್ಗೆ ನೀವು ಕಳಿಸಿದ ‘ಹಾಕಾನ್: ಹೆಸರೊಂದರ ಹಿಂದೆ’ ಅನ್ನುವ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಓದಿದಾಗ ವಿಷಾದದ ಪತ್ರ ಬರೆದು ಮುಗಿಸೋಣ ಅನ್ನಿಸಿತ್ತು. ಎರಡನೇ ಸಲ ಆರನೇ ಪುಟಕ್ಕೆ ಬಂದಾಗ ನಿಂತುಬಿಟ್ಟೆ. ಅಲ್ಲಿ ಎಂಟು ಸಾಲಿನ ಒಂದು ಪ್ಯಾರಾ ಇದೆ. ಅದಕ್ಕಾಗಿಯೇ ಇಷ್ಟು ಉದ್ದದ ಪತ್ರ ಬರೆಯುತ್ತಿದ್ದೇನೆ. ಈಗಿರುವ ಹಾಗೆ ಲೇಖನವನ್ನು ಪ್ರಕಟಿಸಲು ಆಗುವುದಿಲ್ಲ. ಮತ್ತೆ ಬರೆದರೆ ಖುಷಿಯಿಂದ ಪ್ರಕಟಿಸುತ್ತೇವೆ.

ನೀವು ಎಂಟು ಪುಟ ಬರೆದಿದ್ದೀರಿ. ಮೊದಲ ಪುಟದಲ್ಲಿ ‘ಹೆಸರಿನಲ್ಲೇನಿದೆ’ ಎಂಬ ಪ್ರಶ್ನೆ. ಎರಡರಲ್ಲಿ ಹೆಸರಿನ ಅರ್ಥ. ಮೂರರಿಂದ ಐದರವರೆಗೆ ನಾರ್ವೆಯ ಆರು ಹಳೆಯ ರಾಜರು, ಒಬ್ಬರಾದ ಮೇಲೆ ಒಬ್ಬರು. ಆರರಲ್ಲಿ 1905ರ ಘಟನೆ. ಏಳರಲ್ಲಿ ಈ ಹೆಸರಿನ ಹದಿನಾಲ್ಕು ಗಣ್ಯರ ಪಟ್ಟಿ. ಎಂಟರಲ್ಲಿ ‘ಹೀಗೆ ಹೆಸರೆಂಬುದು ಒಂದು ನಾಡಿನ ಸಂಸ್ಕೃತಿಯ ಕನ್ನಡಿ’ ಎಂಬ ಮುಕ್ತಾಯ. ಮೊದಲನೆಯ ಮತ್ತು ಕೊನೆಯ ಪುಟ ಎರಡನ್ನೂ ತೆಗೆದುಬಿಡಿ. ಹೆಸರಿನ ಬಗ್ಗೆ ನಮಗೆ ಬರುವ ಲೇಖನಗಳಲ್ಲಿ ಹೆಚ್ಚಿನವು ಆ ಪ್ರಶ್ನೆಯಿಂದಲೇ ಶುರುವಾಗಿ ಆ ಕನ್ನಡಿಯಲ್ಲೇ ಮುಗಿಯುತ್ತವೆ.

ಈಗ ಆರನೇ ಪುಟಕ್ಕೆ ಬರೋಣ. 1905ರ ಜೂನ್ 7ರಂದು ನಾರ್ವೆಯ ಸಂಸತ್ತು ಸ್ವೀಡನ್ ಜೊತೆಗಿನ ಒಕ್ಕೂಟವನ್ನು ಮುರಿಯಿತು. ಹೊಸ ದೇಶಕ್ಕೆ ರಾಜ ಬೇಕಿತ್ತು. ಡೆನ್ಮಾರ್ಕಿನ ರಾಜಕುಮಾರ ಕಾರ್ಲ್‌ನನ್ನು ಕೇಳಿದರು. ಅವನಿಗೆ ಆಗ 33 ವರ್ಷ. ಅವನು ತಕ್ಷಣ ಹೂಂ ಅನ್ನಲಿಲ್ಲ. ನಾರ್ವೆಯಲ್ಲಿ ಗಣರಾಜ್ಯ ಬೇಕು ಅನ್ನುವವರೂ ಇದ್ದಾರೆ, ಮೊದಲು ಜನರನ್ನು ಕೇಳಿ ಅಂದ. ನವೆಂಬರ್‌ನಲ್ಲಿ ಮತದಾನ ನಡೆಯಿತು. 2,59,563 ಮತ ಪರವಾಗಿ, 69,264 ವಿರುದ್ಧವಾಗಿ ಬಿದ್ದವು. ಆಮೇಲೆ ಒಪ್ಪಿಕೊಂಡ. ಒಪ್ಪುವಾಗಲೇ ತನ್ನ ಹೆಸರನ್ನೂ ಬದಲಿಸಿಕೊಂಡ. ಕಾರ್ಲ್ ಹೋಗಿ ಏಳನೇ ಹೋಕುನ್ ಆದ. (ನೀವು ‘ಹಾಕಾನ್’ ಎಂದು ಬರೆದ ಹೆಸರೇ ಇದು. ನಾನು ಯಾಕೆ ಹೀಗೆ ಬರೆಯುತ್ತಿದ್ದೇನೆ ಎಂದು ಮುಂದೆ ಹೇಳುತ್ತೇನೆ.) ಎರಡು ವರ್ಷದ ಮಗ ಅಲೆಕ್ಸಾಂಡರ್‌ನ ಹೆಸರನ್ನೂ ಬದಲಿಸಿ ಊಲಾವ್ ಎಂದಿಟ್ಟ. ನವೆಂಬರ್ 25ರಂದು, ಹಿಮ ಬೀಳುತ್ತಿದ್ದ ದಿನ, ಮಗುವನ್ನು ಎತ್ತಿಕೊಂಡು ಕ್ರಿಸ್ಟಿಯಾನಿಯಾಕ್ಕೆ, ಅಂದರೆ ಇಂದಿನ ಓಸ್ಲೋಗೆ, ಬಂದಿಳಿದ.

ಇದು ನಿಮ್ಮ ಲೇಖನದ ಮೊದಲ ಪುಟ ಆಗಬೇಕು. ಯಾಕೆ ಅಂದರೆ, ಇಲ್ಲಿ ಒಬ್ಬ ಮನುಷ್ಯ ಹೆಸರನ್ನು ಆರಿಸಿಕೊಳ್ಳುತ್ತಿದ್ದಾನೆ. ಉಳಿದ ಆರು ರಾಜರಿಗೆ ಹೆಸರು ಹುಟ್ಟಿನಿಂದ ಬಂತು. ಇವನು ಬೇಕೆಂದು ತೆಗೆದುಕೊಂಡ. ಯಾಕೆ ಈ ಹೆಸರೇ? ಓದುಗರಿಗೆ ಬೇಕಾದ ಪ್ರಶ್ನೆ ಅದು. ನೀವು ಅದಕ್ಕೆ ಅರ್ಧ ಉತ್ತರ ಕೊಟ್ಟಿದ್ದೀರಿ: ಆರನೇ ಹೋಕುನ್ ತೀರಿಹೋಗಿದ್ದು 1380ರಲ್ಲಿ, ಏಳನೆಯವನು ಬಂದಿದ್ದು 525 ವರ್ಷದ ಮೇಲೆ, ನಡುವೆ ನಾರ್ವೆ ಮೊದಲು ಡೆನ್ಮಾರ್ಕಿನ ಜೊತೆ, 1814ರಿಂದ ಸ್ವೀಡನ್ ಜೊತೆ ಕಟ್ಟಿಕೊಂಡಿತ್ತು. ಸರಿ. ‘ಏಳನೇ’ ಅನ್ನುವ ಆ ಒಂದೇ ಪದ ಐದು ಶತಮಾನವನ್ನು ದಾಟಿ ಹಳೆಯ ಎಣಿಕೆಗೆ ಕೈ ಹಾಕುತ್ತದೆ.

ಉಳಿದರ್ಧ ಉತ್ತರ ನಿಮ್ಮ ಐದನೇ ಪುಟದಲ್ಲೇ ಬಿದ್ದಿದೆ. ನೀವು ಅದನ್ನು ಎತ್ತಿಕೊಂಡಿಲ್ಲ. ಆರನೇ ಹೋಕುನ್‌ನ ಮಗನ ಹೆಸರೇನು? ಊಲಾವ್. ಆ ಹುಡುಗ 1387ರಲ್ಲಿ, ಇನ್ನೂ ಹದಿಹರೆಯದಲ್ಲೇ, ತೀರಿಕೊಂಡ. ಅಲ್ಲಿಗೆ ಆ ಮನೆತನ ಮುಗಿಯಿತು. ಅಂದರೆ ಕೊನೆಯ ಅಪ್ಪ–ಮಗ ಹೋಕುನ್ ಮತ್ತು ಊಲಾವ್. 1905ರಲ್ಲಿ ಹಡಗಿನಿಂದ ಇಳಿದವರೂ ಹೋಕುನ್ ಮತ್ತು ಊಲಾವ್. ಕಥೆ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಸಿದ ಹಾಗೆ. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ನಿಮ್ಮ ಲೇಖನದಲ್ಲಿ ಈ ಎರಡು ಮಾಹಿತಿಗಳ ನಡುವೆ ಒಂದೂವರೆ ಪುಟದ ಅಂತರ ಇದೆ. ಪಕ್ಕಪಕ್ಕದಲ್ಲಿಡಿ, ಸಾಕು. ವಿಶೇಷಣ ಬೇಡ.

ಹಳೆಯ ರಾಜರ ಮೂರು ಪುಟಗಳಿಂದ ಒಬ್ಬನನ್ನು ಮಾತ್ರ ಉಳಿಸಿಕೊಳ್ಳಿ. ಅದು ನಾಲ್ಕನೇ ಹೋಕುನ್, ಹೋಕುನ್ ಹೋಕುನ್ಸನ್. ಇವನನ್ನು ನೀವು ‘ಬಾಲ್ಯದಲ್ಲಿ ಕಷ್ಟಪಟ್ಟು ಮುಂದೆ ಮಹಾನ್ ರಾಜನಾದ’ ಎಂದು ಒಂದು ವಾಕ್ಯದಲ್ಲಿ ಮುಗಿಸಿ, ಅವನ ಯುದ್ಧಗಳಿಗೆ ಒಂದಿಡೀ ಪುಟ ಕೊಟ್ಟಿದ್ದೀರಿ. ತಿರುಗಿಸಿ. ನಿಮ್ಮ ವಿಷಯ ಹೆಸರು. ಇವನ ಹೆಸರಿನಲ್ಲೇ ಒಂದು ಕಥೆ ಇದೆ ನೋಡಿ. ಅಪ್ಪ ಮೂರನೇ ಹೋಕುನ್ 1204ರ ಜನವರಿ 1ರಂದು ತೀರಿಕೊಂಡ. ಮಗು ಹುಟ್ಟಿದ್ದು ಆ ವರ್ಷದ ಬೇಸಿಗೆಯಲ್ಲಿ. ಅಪ್ಪ ಸತ್ತ ಮೇಲೆ ಹುಟ್ಟಿದ ಮಗನಿಗೆ ಅಪ್ಪನ ಹೆಸರನ್ನೇ ಇಡುವುದು ಆಗಿನ ನಾರ್ಸ್ ಜನರ, ಅಂದರೆ ಹಳೆಯ ಸ್ಕ್ಯಾಂಡಿನೇವಿಯದವರ, ರೂಢಿ. ಹಾಗಾಗಿ ಇವನು ಹೋಕುನ್‌ನ ಮಗ ಹೋಕುನ್. ಆದರೆ ಅಪ್ಪ ಅವನೇ ಅನ್ನುವುದಕ್ಕೆ ಸಾಕ್ಷಿ ಏನು? ಎದುರಾಳಿಗಳು ಕೇಳಿದ ಪ್ರಶ್ನೆ ಅದೇ. 1218ರಲ್ಲಿ ಬೆರ್ಗೆನ್‌ನಲ್ಲಿ ತಾಯಿ ಇಂಗಾ ಕಾದ ಕಬ್ಬಿಣವನ್ನು ಕೈಯಲ್ಲಿ ಹಿಡಿದು ದಿವ್ಯಪರೀಕ್ಷೆ ಕೊಟ್ಟಳು. ಮಗನ ಹೆಸರು ಸುಳ್ಳಲ್ಲ ಎಂದು ತೋರಿಸಲು ಒಬ್ಬ ತಾಯಿ ಕೆಂಡದಂಥ ಕಬ್ಬಿಣ ಹಿಡಿದಿದ್ದಾಳೆ. ನೀವು ಅವಳ ಹೆಸರನ್ನೇ ಬರೆದಿಲ್ಲ. ದಯವಿಟ್ಟು ಬರೆಯಿರಿ.

ಅದಕ್ಕೂ ಮುಂಚಿನದು ಹಿಮದ ಪಯಣ. 1206ರ ಚಳಿಗಾಲದಲ್ಲಿ ಶತ್ರುಗಳಿಂದ ಮಗುವನ್ನು ಉಳಿಸಲು ಬಿರ್ಕೆಬೈನರ್ ಎಂಬ ಪಂಗಡದ ಇಬ್ಬರು ಸ್ಕೀ ಕಟ್ಟಿಕೊಂಡು ಲಿಲ್ಲೆಹಾಮರ್‌ನಿಂದ ಬೆಟ್ಟ ದಾಟಿ ಓಸ್ಟರ್‌ದಾಲೆನ್ ಕಣಿವೆಗೆ ಹೊತ್ತೊಯ್ದರು. ಬಿರ್ಕೆಬೈನರ್ ಅಂದರೆ ‘ಬರ್ಚ್ ಕಾಲಿನವರು’. ಬಡತನಕ್ಕೆ ಬರ್ಚ್ ಮರದ ತೊಗಟೆಯನ್ನೇ ಕಾಲಿಗೆ ಸುತ್ತಿಕೊಳ್ಳುತ್ತಿದ್ದರಂತೆ. ನೀವು ‘ನವಜಾತ ಶಿಶು’ ಎಂದಿದ್ದೀರಿ, ಅದು ತಪ್ಪು. ಮಗುವಿಗೆ ಆಗ ಸುಮಾರು ಒಂದೂವರೆ ವರ್ಷ. ಇದರ ನೆನಪಿಗೆ 1932ರಿಂದ ನಡೆಯುವ ಸ್ಕೀ ಓಟ ‘ಅದೇ ದಾರಿಯಲ್ಲಿ’ ಎಂದೂ ಬರೆದಿದ್ದೀರಿ. ಈಗಿನ ಓಟ ಆ ಕಣಿವೆಯ ರೇನಾ ಊರಿನಿಂದ ಲಿಲ್ಲೆಹಾಮರ್ ಕಡೆಗೆ, 54 ಕಿಲೋಮೀಟರ್. ದಿಕ್ಕು ಉಲ್ಟಾ. ಆದರೆ ಓಡುವವರೆಲ್ಲ ಬೆನ್ನಿಗೆ ಮೂರೂವರೆ ಕಿಲೋ ಚೀಲ ಹೊರಬೇಕು, ಆ ಮಗುವಿನ ಲೆಕ್ಕಕ್ಕೆ. ಈ ಚೀಲದ ವಿಷಯ ನಿಮ್ಮಲ್ಲಿ ಇಲ್ಲವೇ ಇಲ್ಲ! ಓದುಗರು ಇಡೀ ಲೇಖನ ಮರೆತರೂ ಆ ಚೀಲವನ್ನು ಮರೆಯುವುದಿಲ್ಲ.

ಇನ್ನೊಂದು ತಪ್ಪು ಸ್ವಲ್ಪ ದೊಡ್ಡದು. 995ರಲ್ಲಿ ತನ್ನ ಗುಲಾಮನ ಕೈಯಲ್ಲೇ ಕೊಲೆಯಾದ ಲಾಡೆಯ ಹೋಕುನ್‌ನನ್ನು ನೀವು ‘ಎರಡನೇ ಹೋಕುನ್ ರಾಜ’ ಎಂದು ಎಣಿಸಿದ್ದೀರಿ. ನಾರ್ವೆಯ ಹೆಚ್ಚಿನ ಭಾಗವನ್ನು ಆಳಿದವನು ನಿಜ. ಆದರೆ ಅವನ ಬಿರುದು ಯಾರ್ಲ್, ಅಂದರೆ ರಾಜನಿಗಿಂತ ಕೆಳಗಿನ ಪದವಿ. ರಾಜ ಅಲ್ಲ. ಎಣಿಕೆಯಲ್ಲಿ ಅವನು ಬರುವುದಿಲ್ಲ. ನಿಮ್ಮ ಇಡೀ ಲೇಖನ ‘ಏಳನೇ’ ಅನ್ನುವ ಸಂಖ್ಯೆಯ ಮೇಲೆ ನಿಂತಿದೆ. ಎಣಿಕೆ ತಪ್ಪಿದರೆ ಕಟ್ಟಡವೇ ಅಲುಗಾಡುತ್ತದೆ.

ಹೆಸರನ್ನು ಕನ್ನಡದಲ್ಲಿ ಬರೆಯುವ ವಿಚಾರ. ನೀವು ‘ಹಾಕಾನ್’ ಎಂದು ಬರೆದಿದ್ದೀರಿ. ಎರಡು ‘ಎ’ ನೋಡಿ ದೀರ್ಘ ‘ಆ’ ಎಂದುಕೊಂಡಿದ್ದೀರಿ, ಎಲ್ಲರೂ ಹಾಗೇ ಮಾಡುತ್ತಾರೆ. ಆದರೆ ನಾರ್ವೆಯಲ್ಲಿ ಆ ಜೋಡಿ ‘ಎ’, ಮೇಲೆ ಸಣ್ಣ ಸುತ್ತು ಇರುವ ‘ಎ’ ಅಕ್ಷರದ ಹಳೆಯ ರೂಪ. ಸುತ್ತಿನ ಅಕ್ಷರ 1917ರ ಕಾಗುಣಿತ ಸುಧಾರಣೆಯಲ್ಲಿ ಅಧಿಕೃತವಾಯಿತು, ಹಳೆಯ ರೂಪ ರಾಜಮನೆತನದಲ್ಲಿ ಮತ್ತು ಕೆಲವು ಕುಟುಂಬಗಳಲ್ಲಿ ಉಳಿಯಿತು. ಎರಡರ ಉಚ್ಚಾರವೂ ನಮ್ಮ ‘ಓ’ಗೆ ಹತ್ತಿರ. ಹಾಗಾಗಿ ನಾನು ಈ ಪತ್ರದುದ್ದಕ್ಕೂ ‘ಹೋಕುನ್’ ಎಂದು ಬರೆದಿದ್ದೇನೆ. ಅವರ ಬಾಯಲ್ಲಿ ಕೇಳಿಸುವುದು ಹೆಚ್ಚುಕಡಿಮೆ ಹಾಗೆ. ಇದು ನಿಮಗೂ ಗೊತ್ತು. ಏಳನೇ ಪುಟದ ಕೊನೆಯಲ್ಲಿ, ‘ನನ್ನ ಆಫೀಸಿನ ನಾರ್ವೆಯ ಸಹೋದ್ಯೋಗಿಯೊಬ್ಬರ ಹೆಸರೂ ಇದೇ, ಒಮ್ಮೆ ಕರೆಯಲ್ಲಿ ಅವರು ನನ್ನ ಉಚ್ಚಾರಣೆಯನ್ನು ತಿದ್ದಿದ್ದರು’ ಎಂದು ಒಂದೇ ಸಾಲು ಬರೆದು ಓಡಿಬಿಟ್ಟಿದ್ದೀರಿ. ಯಾಕೆ ಓಡಿದಿರಿ? ನೀವು ಈ ಹೆಸರಿನ ಬೆನ್ನು ಹತ್ತಿದ್ದು ಅಲ್ಲಿಂದಲೇ ಅಲ್ವಾ? ಆ ಕ್ಷಣಕ್ಕೆ ಒಂದು ಪ್ಯಾರಾ ಕೊಡಿ. ನೀವು ಏನೆಂದು ಕರೆದಿರಿ, ಅವರು ಹೇಗೆ ಹೇಳಿಕೊಟ್ಟರು, ಬರೆಯಿರಿ.

ಅರ್ಥದ ಪುಟವನ್ನು ನಾಲ್ಕು ಸಾಲಿಗೆ ಇಳಿಸಿ. ಎರಡನೇ ಭಾಗ ‘ಕೊನ್ರ್’ ಅಂದರೆ ಕುಲದ ಕುಡಿ, ವಂಶದವನು. ಮೊದಲ ಭಾಗಕ್ಕೆ ‘ಎತ್ತರದ’ ಎಂಬ ಅರ್ಥ ಹೆಚ್ಚಿಗೆ ಹೇಳುತ್ತಾರೆ, ಆದರೆ ‘ಕುದುರೆ’ ಎನ್ನುವವರೂ ಇದ್ದಾರೆ. ‘ಇದರ ಅರ್ಥ ಉನ್ನತ ಪುತ್ರ’ ಎಂದು ಗೆರೆ ಎಳೆದ ಹಾಗೆ ಬರೆಯಬೇಡಿ. ನಮ್ಮ ಓದುಗರಿಗೆ ಹತ್ತಿರವಾಗುವ ಒಂದು ಎಳೆ ಇದೆ. ಆ ‘ಕೊನ್ರ್’ ಮತ್ತು ಸಂಸ್ಕೃತದಿಂದ ನಮಗೆ ಬಂದ ‘ಜನ’, ‘ಜನ್ಮ’ ಒಂದೇ ಬಹು ಹಳೆಯ ಮೂಲದಿಂದ ಹೊರಟವು. ಬೇಕಾದರೆ ಅದನ್ನು ಹಾಕಿ.

ಎರಡನೇ ಮಹಾಯುದ್ಧದ ವರ್ಷಗಳಿಗೆ ನೀವು ಕೊಟ್ಟಿರುವುದು ಮೂರೇ ಸಾಲು. ಇಲ್ಲಿ ನಿಲ್ಲಬೇಕು. 1940ರ ಏಪ್ರಿಲ್ 9ರಂದು ಜರ್ಮನರು ನಾರ್ವೆಗೆ ನುಗ್ಗಿದರು. ಮರುದಿನ ಎಲ್ವೆರುಮ್‌ನಲ್ಲಿ ಜರ್ಮನ್ ರಾಯಭಾರಿ ಏಳನೇ ಹೋಕುನ್ ರಾಜನನ್ನು ಕಂಡು, ನಾಜಿ ಪರ ರಾಜಕಾರಣಿ ಕ್ವಿಸ್ಲಿಂಗ್‌ನನ್ನು ಪ್ರಧಾನಿ ಮಾಡಿ ಎಂದು ಒತ್ತಾಯಿಸಿದ. ರಾಜ ತನ್ನ ಮಂತ್ರಿಗಳ ಮುಂದೆ ಹೇಳಿದ್ದಿಷ್ಟು: ನಿರ್ಧಾರ ಸರ್ಕಾರದ್ದು, ಆದರೆ ನೀವು ಒಪ್ಪುವುದಾದರೆ ನಾನು ಸಿಂಹಾಸನ ಬಿಡುತ್ತೇನೆ. ಸರ್ಕಾರ ಒಪ್ಪಲಿಲ್ಲ. ಮರುದಿನ ಬಾಂಬು ಬಿತ್ತು. ಜೂನ್ 7ರಂದು ರಾಜ ಟ್ರೊಮ್ಸೊದಿಂದ ಬ್ರಿಟನ್ನಿಗೆ ಹೊರಟ. ಆಮೇಲೆ ಜನ ಏನು ಮಾಡಿದರು? ಅವನ ಹೆಸರಿನ ಮೊದಲಕ್ಷರ ಮತ್ತು ಏಳು ಅಂಕಿಯನ್ನು ಹೆಣೆದು ಗೋಡೆಗಳ ಮೇಲೆ ಬರೆದರು, ಹಿಮದಲ್ಲಿ ಗೀಚಿದರು. 1942ರ ಆಗಸ್ಟ್ 3ರಂದು, ಅವನ ಎಪ್ಪತ್ತನೇ ಹುಟ್ಟುಹಬ್ಬಕ್ಕೆ, ಕೋಟಿನ ಗುಂಡಿಗೆ ಹೂ ಸಿಕ್ಕಿಸಿಕೊಂಡು ಬೀದಿಗೆ ಬಂದವರನ್ನು ಬಂಧಿಸಿದರು. 1905ರಲ್ಲಿ ಡೆನ್ಮಾರ್ಕಿನವನೊಬ್ಬ ಎರವಲು ತೆಗೆದುಕೊಂಡ ಹೆಸರು ಅದು. ಮೂವತ್ತೇಳು ವರ್ಷದ ಮೇಲೆ ಅದೇ ಹೆಸರಿಗಾಗಿ ಜನ ಜೈಲಿಗೆ ಹೋದರು. ನಿಮ್ಮ ಲೇಖನದ ತುದಿ ಇದು. ರಾಜ 1945ರ ಜೂನ್ 7ರಂದು ಮರಳಿದ. ಜೂನ್ 7, ಮೂರು ಸಲ. ಅದನ್ನು ಓದುಗರೇ ಕಂಡುಕೊಳ್ಳಲಿ, ನೀವು ಬೆರಳು ಮಾಡಿ ತೋರಿಸಬೇಡಿ.

ಗಣ್ಯರ ಪಟ್ಟಿಯ ಹದಿನಾಲ್ಕರಲ್ಲಿ ಮೂವರು ಸಾಕು. ಅವರನ್ನೂ ಸುಮ್ನೆ ಸಾಲಾಗಿ ನಿಲ್ಲಿಸಬೇಡಿ, ಕೆಲಸ ಕೊಡಿ. ‘525 ವರ್ಷ ಈ ಹೆಸರು ಸತ್ತುಹೋಗಿತ್ತು’ ಎಂದು ಬರೆದಿದ್ದೀರಲ್ಲ, ಅದನ್ನು ತಿದ್ದಲು ನಿಮ್ಮದೇ ಪಟ್ಟಿ ಸಾಕು. ವೈಕಿಂಗ್ ಕಾಲದ ಓಸೆಬೆರ್ಗ್ ಹಡಗಿನ ಉತ್ಖನನದಲ್ಲಿ ಕೆಲಸ ಮಾಡಿದ ಪುರಾತತ್ವಜ್ಞ ಹೋಕುನ್ ಶೆಟೆಲಿಗ್ ಹುಟ್ಟಿದ್ದು 1877ರಲ್ಲಿ. ನಾರ್ವೆಯ ಲೇಬರ್ ಪಕ್ಷದ ಕಾರ್ಯದರ್ಶಿಯಾಗಿ 1945ರಿಂದ 1969ರವರೆಗೆ ದುಡಿದ ಹೋಕುನ್ ಲೀ ಹುಟ್ಟಿದ್ದು 1905ರ ಸೆಪ್ಟೆಂಬರ್‌ನಲ್ಲಿ, ಹೊಸ ರಾಜ ಬರುವುದಕ್ಕೆ ಎರಡು ತಿಂಗಳ ಮುಂಚೆ. ಸಿಂಹಾಸನದಲ್ಲಿ ಇರದಿದ್ದರೂ ಹೆಸರು ಮನೆಗಳಲ್ಲಿ ಇತ್ತು. ಮೂರನೆಯವರು ಹೋಕುನ್ ವಿಯುಮ್ ಲೀ. 1994ರಲ್ಲಿ ಜಿನೀವಾ ಬಳಿಯ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿದ್ದಾಗ ಸಿಎಸ್ಎಸ್ ಎಂಬ ವಿನ್ಯಾಸದ ಭಾಷೆಯನ್ನು ಮುಂದಿಟ್ಟವರು. ಇಂಟರ್‌ನೆಟ್‌ನಲ್ಲಿ ಒಂದು ಪುಟದ ಅಕ್ಷರ, ಬಣ್ಣ, ಅಂತರ ಹೇಗೆ ಕಾಣಬೇಕು ಎಂದು ಹೇಳುವುದು ಅದೇ. ನಿಮ್ಮ ಲೇಖನವನ್ನು ಜನ ಫೋನಿನಲ್ಲಿ ಓದುವಾಗಲೂ ಆ ಕೆಲಸ ನಡೆದಿರುತ್ತದೆ. 1973ರಲ್ಲಿ ಹುಟ್ಟಿದ ಯುವರಾಜ ಹೋಕುನ್‌ಗೆ ಒಂದು ಸಾಲು ಸಾಕು: ಅವರದು ಮುತ್ತಜ್ಜನ ಹೆಸರು.

ಭಾಷೆಯ ಬಗ್ಗೆ ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ‘ಈ ಹೆಸರು ತನ್ನ ಬೇರುಗಳನ್ನು ಹಳೆಯ ನಾರ್ಸ್ ಭಾಷೆಯಲ್ಲಿ ಹೊಂದಿದೆ’ ಎಂದು ಬರೆದಿದ್ದೀರಿ. ಹೀಗೆ ಯಾರು ಮಾತಾಡುತ್ತಾರೆ? ‘ಹಳೆಯ ನಾರ್ಸ್ ಭಾಷೆಯಿಂದ ಬಂದ ಹೆಸರು’ ಅಂದರೆ ಮುಗಿಯಿತು. ‘ಹೊಂದಿದೆ’, ‘ಹೊಂದಿದ್ದರು’ ಎಂಬ ಪದ ಎಂಟು ಪುಟದಲ್ಲಿ ಇಪ್ಪತ್ತಾರು ಸಲ ಬಂದಿದೆ. ಇಂಗ್ಲಿಷಿನಲ್ಲಿ ಓದಿದ್ದನ್ನು ಪಕ್ಕದಲ್ಲಿಟ್ಟುಕೊಂಡು ಬರೆದರೆ ಹೀಗಾಗುತ್ತದೆ. ಓದಿ ಮುಚ್ಚಿಡಿ. ಮನೆಯವರಿಗೆ ಬಾಯಲ್ಲಿ ಹೇಳಿ ನೋಡಿ. ಆಮೇಲೆ ಬರೆಯಿರಿ. ಇಂಗಾಳ ಕಥೆಯನ್ನು ಅಮ್ಮನಿಗೋ ಅಕ್ಕನಿಗೋ ಹೇಳುವಾಗ ನೀವು ಖಂಡಿತ ‘ಪರೀಕ್ಷೆಗೆ ಒಳಪಟ್ಟಳು’ ಅನ್ನುವುದಿಲ್ಲ. ‘ಕೈಯಲ್ಲಿ ಹಿಡಿದಳು’ ಅನ್ನುತ್ತೀರಿ. ‘ಅಪ್ರತಿಮ’, ‘ಧೀಮಂತ’, ‘ಮಹಾನ್’ ಇವನ್ನೆಲ್ಲ ಅಳಿಸಿಬಿಡಿ. ಗುಲಾಮನಿಂದ ಕೊಲೆಯಾದವನಿಗೂ ‘ಧೀಮಂತ’, ಸಮುದ್ರ ದಾಟಿ ಹೋದವನಿಗೂ ‘ಧೀಮಂತ’ ಎಂದರೆ ಯಾರ ಮುಖವೂ ಕಾಣುವುದಿಲ್ಲ.

ನಿಮ್ಮಲ್ಲಿ ಹುಡುಕುವ ಹಟ ಇದೆ. ಆರನೇ ಹೋಕುನ್‌ನ ಮಗನ ಹೆಸರಿನವರೆಗೆ ಹೋಗಿದ್ದೀರಿ, ಅಲ್ಲಿಗೆ ಎಲ್ಲರೂ ಹೋಗುವುದಿಲ್ಲ. ಆ ಕಾರಣಕ್ಕೇ ಈ ಲೇಖನ ನನಗೆ ಬೇಕು.

1,200 ಪದದೊಳಗೆ ಬರೆದು ಮೂರು ವಾರದಲ್ಲಿ ಕಳಿಸಿ. ಜಾಸ್ತಿ ಆದರೆ ರಾಜರಿಂದ ಕಡಿತ ಮಾಡಿ, ಇಂಗಾಳಿಂದ ಬೇಡ. ಕಳಿಸುವ ಮುಂಚೆ ನಿಮ್ಮ ಸಹೋದ್ಯೋಗಿಗೆ ಒಂದು ಫೋನ್ ಮಾಡಿ. ಆ ಹೆಸರನ್ನು ಅವರಿಗೆ ಇಟ್ಟವರು ಯಾರು, ಯಾರ ನೆನಪಿಗೆ ಇಟ್ಟರು ಎಂದು ಕೇಳಿ. ಅವರು ಒಪ್ಪಿದರೆ ಆ ಉತ್ತರವನ್ನೂ ಲೇಖನದಲ್ಲಿ ಸೇರಿಸಿ.

ವಿಶ್ವಾಸದಿಂದ,
ಸಂಪಾದಕ