ಅತ್ತೆ ನಗುವುದಿಲ್ಲ, ಗಂಡ ನಿಲ್ಲಿಸುವುದಿಲ್ಲ

ಪ್ರಶ್ನೆ: ಅಕ್ಕಾ, ನನಗೆ 43 ವರ್ಷ. ಕುಮಟಾ ತಾಲ್ಲೂಕಿನ ಹಳ್ಳಿ. ಸ್ತನದ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಈಗ ಎರಡು ಕೀಮೋ ಮುಗಿದಿದೆ. ಕೂದಲು ಪೂರ್ತಿ ಹೋಯಿತು. ಬೋಳಾದ ದಿನ ಕನ್ನಡಿ ನೋಡಿ "ಸುಲಿದ ತೆಂಗಿನಕಾಯಿ" ಅಂತ ನಾನೇ ನಕ್ಕೆ, ಯಜಮಾನರೂ ನಕ್ಕರು. ಈಗ ಯಾರೇ ಮನೆಗೆ ಬರಲಿ, ಅವರೆದುರು ಅದೇ ಕಾಯಿ ಜೋಕು. ಅತ್ತೆಗೆ 80 ದಾಟಿದೆ. ನಾವು ನಕ್ಕರೆ "ನಗ್ಯಾಡೋ ಹೊತ್ತಾ ಇದು?" ಅಂತ ಎದ್ದು ಒಳಗೆ ಹೋಗುತ್ತಾರೆ. ನೋಡಲು ಬರುವವರದ್ದು ಇನ್ನೊಂದು ಕಾಟ, ಇದೇ ಕಾಯಿಲೆಯಲ್ಲಿ ಯಾರು ಯಾರು ಹೋದರು ಅನ್ನೋ ಲೆಕ್ಕ ಕೊಡುತ್ತಾರೆ. ನಾನು ನಗುವುದು ತಪ್ಪಾ?

ಉತ್ತರ: ತಪ್ಪಲ್ಲ ತಂಗಿ.

ನನಗೂ ಇದೇ ಕಾಯಿಲೆ ಬಂದಿತ್ತು, ಹನ್ನೊಂದು ವರ್ಷವಾಯಿತು. ಮೊದಲ ಕೀಮೋದಲ್ಲಿ ಡಾಕ್ಸೊರುಬಿಸಿನ್ ಅಂತ ಕೆಂಪು ಔಷಧಿ ಹಾಕಿದರು. ಒಂದೆರಡು ದಿನ ಮೂತ್ರ ಕೆಂಪಗೆ ಹೋಗುತ್ತದೆ ಎಂದು ನರ್ಸ್ ಹೇಳಿದ್ದು ನನ್ನ ತಲೆಗೇ ಹೋಗಿರಲಿಲ್ಲ. ರಾತ್ರಿ ಬಚ್ಚಲಲ್ಲಿ ಕಿರುಚಿಕೊಂಡೆ. ಇವರು ಓಡಿ ಬಂದು ಬಾಗಿಲ ಹೊರಗಿಂದಲೇ, "ಅದು ಔಷಧಿ ಬಣ್ಣ ಮಾರಾಯ್ತಿ, ಮುರುಗಲು ಪಾನಕ ಜಾಸ್ತಿ ಆಯ್ತು ಅಂದ್ಕೋ" ಅಂದರು. ಗೋಡೆ ಹಿಡಿದು ನಕ್ಕೆ, ಅಳುತ್ತಲೂ ಇದ್ದೆ. ಆದರೆ ಆ ಮಾತನ್ನು ಇವರು ಮತ್ತೆ ಯಾರೆದುರೂ ಎತ್ತಲಿಲ್ಲ. ಎತ್ತಿದ್ದೆಲ್ಲ ನಾನೇ, ಈಗ ಇಷ್ಟು ಜನ ಓದುಗರೆದುರು ಕೂಡ.

ನಿನ್ನ ಯಜಮಾನರಿಗೆ ಅಷ್ಟೇ ಹೇಳು. ಕಾಯಿ ನಿನ್ನದು, ಜೋಕೂ ನಿನ್ನದು. ಅವರೂ ಹೆದರಿದ್ದಾರೆ, ಕೈಗೆ ಸಿಕ್ಕಿದ ಒಂದೇ ಮಾತನ್ನು ಉಜ್ಜುತ್ತಿದ್ದಾರೆ, ಗಂಡಸರ ಹೆದರಿಕೆ ಬಹಳ ಸಲ ಹೀಗೇ. ಜಗಳ ಬೇಡ. ನಾಲ್ಕು ಜನರ ಎದುರು ನೀನು ಶುರು ಮಾಡಿದರೆ ಅವರು ಸೇರಿಕೊಳ್ಳಲಿ, ಇಲ್ಲದಿದ್ದರೆ ಸುಮ್ನೆ ಇರಲಿ.

ಇನ್ನು ಅತ್ತೆ. ನನಗೆ ಅನ್ನಿಸುವುದು, ಅವರಿಗೆ ಕೋಪ ನಗುವಿನ ಮೇಲಲ್ಲ, ತಲೆಯ ಮೇಲೆ. ಅವರ ಬಾಲ್ಯದಲ್ಲಿ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ತಲೆ ಬೋಳಿಸಿ ಕೆಂಪು ಸೀರೆಯ ಸೆರಗು ಹೊದ್ದ ಒಬ್ಬ ಅಜ್ಜಿಯೋ ಅತ್ತೆಯೋ ಇರುತ್ತಿದ್ದರು, ಹಿಂದಿನ ಕೋಣೆಯಲ್ಲಿ, ಶುಭಕಾರ್ಯಕ್ಕೆ ಎದುರು ಬರದೆ. ಹೆಂಗಸಿನ ಬೋಳು ತಲೆ ಅಂದರೆ ಅವರಿಗೆ ಗಂಡ ಸತ್ತದ್ದು. ಇಲ್ಲಿ ಸೊಸೆ ಬೋಳಾಗಿದ್ದಾಳೆ, ಮಗ ಪಕ್ಕದಲ್ಲೇ ಕೂತು ನಗುತ್ತಿದ್ದಾನೆ. ಆ ಜೀವಕ್ಕೆ ಹೇಗಾಗಬೇಡ ಹೇಳು? ಒಂದು ಮಧ್ಯಾಹ್ನ ಅವರ ಪಕ್ಕ ಕೂತು ಬಿಡಿಸಿ ಹೇಳು. ಬೇಗ ಬೇಗ ಬೆಳೆಯುವ ಜೀವಕೋಶಗಳಿಗೆಲ್ಲ ಈ ಔಷಧಿ ಹೊಡೆಯುತ್ತದೆ, ಕ್ಯಾನ್ಸರ್‌ಗೂ ಹೊಡೆಯುತ್ತದೆ, ಕೂದಲ ಬುಡಕ್ಕೂ, ಬಾಯಿಯ ಒಳಚರ್ಮಕ್ಕೂ ಹೊಡೆಯುತ್ತದೆ, ಕೀಮೋ ಮುಗಿದು ಕೆಲವು ತಿಂಗಳಲ್ಲಿ ಕೂದಲು ಮತ್ತೆ ಹುಟ್ಟುತ್ತದೆ ಅಂತ. ಆ ಮೇಲೆ ಹಣೆಗೆ ಕುಂಕುಮ ಇಡಲು ಅವರಿಗೇ ಹೇಳು. ನಮ್ಮನೆಯಲ್ಲಿ ನಾನು ಇದನ್ನು ಮಾಡಿದ್ದು ತಡವಾಗಿ, ನಾಲ್ಕನೇ ಕೀಮೋ ಹೊತ್ತಿಗೆ. ಮರುದಿನವೇ ಅತ್ತೆ ತಮ್ಮ ಹಳೇ ಹತ್ತಿ ಸೀರೆ ಹರಿದು ನನಗೆ ತಲೆಬಟ್ಟೆ ಮಾಡಿಕೊಟ್ಟರು. ಅಂಗಡಿಯದ್ದರ ಹಾಗೆ ಜಾರುತ್ತಿರಲಿಲ್ಲ, ಸೆಕೆಗೂ ಒಳ್ಳೆಯದು.

ಬಂದವರ ವಿಷಯ ಸುಲಭ. ಕೀಮೋ ಆಗಿ ಒಂದು ವಾರದಿಂದ ಎರಡು ವಾರದೊಳಗೆ ಸಾಮಾನ್ಯವಾಗಿ ಸೋಂಕು ತಡೆಯುವ ಬಿಳಿರಕ್ತಕಣ ತೀರಾ ಕಡಿಮೆಯಾಗುತ್ತವೆ, ಆಗ ಬೇರೆಯವರ ಶೀತವೂ ನಿನಗೆ ಅಪಾಯ. "ಡಾಕ್ಟರ್ ಜನ ಸೇರಬಾರದು ಅಂದಿದ್ದಾರೆ" ಅಂತ ಜಗುಲಿಯಿಂದಲೇ ಕಳಿಸಬಹುದು, ಸುಳ್ಳೂ ಅಲ್ಲ. "ಏನಾದರೂ ಬೇಕಿದ್ದರೆ ಹೇಳು" ಅನ್ನುವವರನ್ನು ಮಾತ್ರ ಬಿಡಬೇಡ, ಅಲ್ಲೇ ಹೇಳಿಬಿಡು. ಒಬ್ಬರು ಮಕ್ಕಳ ಬುತ್ತಿ, ಒಬ್ಬರು ದನದ ಹುಲ್ಲು. ಆಸ್ಪತ್ರೆಗೆ ರೈಲಿನಲ್ಲಿ ಹೋಗುತ್ತೀಯಾದರೆ ಓದಿದ ಹುಡುಗರಿಗೆ ಟಿಕೆಟ್ ಕೆಲಸ ಕೊಡು. ಆಸ್ಪತ್ರೆಯ ಸರ್ಟಿಫಿಕೇಟ್ ತೋರಿಸಿದರೆ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನಲ್ಲಿ ರಿಯಾಯಿತಿ ಇದೆ. ಸತ್ತವರ ಕಥೆ ತೆಗೆದವರಿಗೆ ನಾನು ಒಂದು ಮೊರ ಅವಲಕ್ಕಿ ಕೊಟ್ಟು ಕಲ್ಲು ಆರಿಸಲು ಕೂರಿಸುತ್ತಿದ್ದೆ. ಎರಡನೇ ಸಲ ಬರಲಿಲ್ಲ.

ಬೇರು, ಕಷಾಯ ತಂದುಕೊಟ್ಟರೆ ತೆಗೆದುಕೊಂಡು ಕಪಾಟಿನಲ್ಲಿಡು. ಡಾಕ್ಟರನ್ನು ಕೇಳದೆ ಬಾಯಿಗೆ ಹಾಕಬೇಡ, ಎಷ್ಟೋ ಸಲ ಅವು ಕೀಮೋ ಔಷಧಿಯ ಜೊತೆ ಹೊಂದುವುದಿಲ್ಲ. ಹಸಿ ಸೊಪ್ಪು ಅರೆದ ತಂಬುಳಿ ತಿನ್ನಬಹುದಾ ಅಂತಲೂ ಕೇಳಿಕೋ. ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರೆ ನುಂಗಿ ಬೆಳಗಾಗಲಿ ಅಂತ ಕಾಯಬೇಡ, ರಾತ್ರಿ ಎಷ್ಟೊತ್ತಾದರೂ ಆಸ್ಪತ್ರೆಗೆ ಫೋನ್ ಮಾಡು, ಹೊರಡು. ಇದರಲ್ಲಿ ಮಾತ್ರ ತಮಾಷೆ ಇಲ್ಲ.

ಇನ್ನೊಂದು. ಮನೆಯ ನಗುವವಳು ಅಂತ ಹೆಸರು ಬಿದ್ದರೆ ನಗಲೇಬೇಕು ಅನ್ನೋ ಹೊರೆ ಬೀಳುತ್ತದೆ. ಕೀಮೋ ಆದ ಮೂರನೇ ದಿನ ನನಗೆ ನೀರೂ ಕಬ್ಬಿಣದ ರುಚಿ ಆಗುತ್ತಿತ್ತು, ಇವರ ದನಿ ಕೇಳಿದರೂ ಸಿಟ್ಟು. ಅಂಥ ದಿನ ಯಾರಾದರೂ ನಗಿಸಲು ಬಂದರೆ ಗೋಡೆ ಕಡೆ ತಿರುಗಿ ಮಲಗು. ಮೊನ್ನೆ ನಗುತ್ತಿದ್ದವಳು ಅಲ್ವಾ ಅಂತ ಕೇಳಿದರೆ ಉತ್ತರ ಕೊಡಬೇಡ.

ಕೂದಲು ಬಂದ ಮೇಲೆ ಬರೆ. ನನಗೆ ನೇರ ಕೂದಲಿತ್ತು, ಹುಟ್ಟಿದ್ದು ಗುಂಗುರು. "ಇದು ಯಾರ ತಲೆ?" ಅಂತ ಮೊದಲು ನಕ್ಕವರು ನಮ್ಮ ಅತ್ತೆ.