ಕಲಬುರಗಿಯ ಬಿಸಿಲಿಗೆ ಡಿಎನ್‌ಎ ಬದಲಾಗುತ್ತದೆಯೇ?

44 ಡಿಗ್ರಿ ಬಿಸಿಲಲ್ಲಿ ವರ್ಷಗಟ್ಟಲೆ ಹೊಲದಲ್ಲಿ ದುಡಿದವರ ಡಿಎನ್‌ಎ ಬದಲಾಗುತ್ತದಾ, ಅದು ಮಕ್ಕಳಿಗೂ ಹೋಗುತ್ತದಾ ಎಂದು ಕೇಳಿದ್ದೀರಿ. ಕಾವಿನಿಂದ ಇಲ್ಲ. ಬೆಳಕಿನಿಂದ ಹೌದು, ಆದರೆ ಚರ್ಮದಲ್ಲಿ ಮಾತ್ರ, ಮಕ್ಕಳಿಗೆ ಹೋಗುವುದಿಲ್ಲ.

ಮೊದಲು ಕಾವು. 25 ಡಿಗ್ರಿಯಿಂದ 45ಕ್ಕೆ ಏರಿತೆಂದರೆ ಕೆಲ್ವಿನ್ ಲೆಕ್ಕದಲ್ಲಿ (ಸೆಲ್ಸಿಯಸ್‌ಗೆ 273 ಕೂಡಿಸಿದ ಅಳತೆ) 298ರಿಂದ 318, ಅಂದರೆ ಶೇ 7ರಷ್ಟು ಏರಿಕೆ. ಆಗಲೂ ಅಣುಗಳ ಅಲುಗಾಟದ ಶಕ್ತಿ ಸುಮಾರು 0.027 ಎಲೆಕ್ಟ್ರಾನ್ ವೋಲ್ಟ್ (ಅಣುಗಳ ಮಟ್ಟದ ಶಕ್ತಿ ಅಳೆಯುವ ಮಾನ). ಎರಡು ಕಾರ್ಬನ್‌ಗಳ ನಡುವಿನ ಬಂಧ ಮುರಿಯಲು 3.6ರಷ್ಟು ಬೇಕು. ಡಿಎನ್‌ಎಯ ನಕಲು ತೆಗೆಯುವ ಪಿಸಿಆರ್ ಯಂತ್ರದಲ್ಲಿ ಡಿಎನ್‌ಎಯನ್ನು 95 ಡಿಗ್ರಿಗೆ ಕಾಯಿಸುತ್ತಾರೆ. ಎರಡು ಎಳೆ ಬಿಟ್ಟುಕೊಳ್ಳುತ್ತವೆ, ಅದರ ಅಕ್ಷರಗಳ (ಮಾಹಿತಿ ಹಿಡಿದಿಡುವ ರಾಸಾಯನಿಕ ಘಟಕಗಳ) ಸಾಲು ಹಾಗೇ ಇರುತ್ತದೆ. ಕಾವಿಗೆ ಮೊದಲು ಕೆಡುವುದು ಪ್ರೋಟೀನು. ಮೈಯ ಒಳಗಿನ ಉಷ್ಣತೆ 40 ಡಿಗ್ರಿ ದಾಟಿ ಮಾತು ತಡವರಿಸತೊಡಗಿದರೆ ಮೈಮೇಲೆ ನೀರು ಸುರಿದು, ಗಾಳಿ ಬೀಸುತ್ತಾ ಆಸ್ಪತ್ರೆಗೆ ಒಯ್ಯಬೇಕು.

ಬೆಳಕಿನ ಕೆಲಸವೇ ಬೇರೆ. ಅಲ್ಲಿ ಒಟ್ಟು ಶಾಖ ಮುಖ್ಯವಲ್ಲ, ಒಂದೊಂದು ಫೋಟಾನ್ (ಬೆಳಕಿನ ಕಣ) ಎಷ್ಟು ಶಕ್ತಿ ಹೊತ್ತು ಬರುತ್ತದೆ ಎಂಬುದು ಮುಖ್ಯ. ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣದ 300 ನ್ಯಾನೋಮೀಟರ್ ಅಲೆಯುದ್ದದ ಫೋಟಾನ್‌ಗೆ 4.1 ಎಲೆಕ್ಟ್ರಾನ್ ವೋಲ್ಟ್. ಅಂಥದ್ದೊಂದನ್ನು ಹೀರಿಕೊಂಡರೆ ಸಾಕು, ಒಂದೇ ಎಳೆಯಲ್ಲಿ ಅಕ್ಕಪಕ್ಕ ಇರುವ ಎರಡು ಥೈಮಿನ್‌ಗಳು (ಡಿಎನ್‌ಎಯ ಒಂದು ಬಗೆಯ ಅಕ್ಷರ) ಒಂದಕ್ಕೊಂದು ಅಂಟಿಕೊಳ್ಳಬಹುದು.

ಇಂಥ ಅಂಟನ್ನು ಜೀವಕೋಶ ತಾನೇ ರಿಪೇರಿ ಮಾಡುತ್ತದೆ: ಕೆಟ್ಟ ಜಾಗದ ಸುತ್ತ 30 ಅಕ್ಷರಗಳಷ್ಟು ತುಂಡನ್ನು ಕತ್ತರಿಸಿ ತೆಗೆದು, ಎದುರಿನ ಎಳೆ ನೋಡಿಕೊಂಡು ಹೊಸದು ತುಂಬಿ, ತುದಿ ಬೆಸೆಯುತ್ತದೆ. ಈ ರಿಪೇರಿಯ ವಿವರ ಬಿಡಿಸಿದ ವಿಜ್ಞಾನಿ ಅಜೀಜ್ ಸಂಜಾರ್ ಅವರಿಗೆ 2015ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ರಿಪೇರಿ ಮುಗಿಯುವ ಮುನ್ನವೇ ಕೋಶ ಇಬ್ಭಾಗವಾದರೆ ಮಾತ್ರ ತಪ್ಪು ಅಕ್ಷರ ಕಾಯಂ ಆಗಬಹುದು. ವರ್ಷಗಟ್ಟಲೆ ಇಂಥವು ಕೂಡುತ್ತಾ ಹೋದರೆ ಚರ್ಮದ ಕ್ಯಾನ್ಸರಿನ ಅಪಾಯ. ಈ ಕಿರಣ ಚರ್ಮ ದಾಟಿ ಅಂಡಾಣು, ವೀರ್ಯಾಣುಗಳವರೆಗೆ ಇಳಿಯುವುದಿಲ್ಲ. ಕಪ್ಪು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಒಳ್ಳೆಯ ತಡೆಯೇ, ಆದರೆ ಪೂರ್ತಿ ತಡೆಯಲ್ಲ.

ಆದ್ದರಿಂದ ಥರ್ಮಾಮೀಟರ್ ನೋಡಿ ನೇರಳಾತೀತವನ್ನು ಅಳೆಯಬೇಡಿ, ನೆರಳು ನೋಡಿ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣ ಜೋರು. ಮೇ ಎರಡನೇ ವಾರದಲ್ಲಿ ಇಲ್ಲಿ ಮಧ್ಯಾಹ್ನ 12:20ರ ಸುಮಾರಿಗೆ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ತಂಪಾದ ಡಿಸೆಂಬರಿನಲ್ಲೂ ನಡುಮಧ್ಯಾಹ್ನ ನೆರಳು ಗಿಡ್ಡವೇ. ತೆಳು ಮೋಡ ಇದನ್ನು ಅಷ್ಟಾಗಿ ತಡೆಯುವುದಿಲ್ಲ. ತಲೆಗೆ ಟವೆಲ್ ಕಟ್ಟುವುದಾದರೆ ಗಟ್ಟಿ ನೇಯ್ಗೆಯ, ಗಾಢ ಬಣ್ಣದ್ದು ಕಟ್ಟಿ, ಕಿವಿ ಮತ್ತು ಕುತ್ತಿಗೆಯ ಹಿಂಭಾಗ ಮುಚ್ಚಲಿ. ತೆಳ್ಳನೆಯ ಬಿಳಿ ಹತ್ತಿ ಬಟ್ಟೆಯನ್ನು ತೋಯಿಸಿಕೊಂಡರೆ ಮೈ ತಂಪಾಗುತ್ತದೆ, ಆದರೆ ಒಣಗಿದ್ದಾಗ ಬಿಡುವುದಕ್ಕಿಂತ ಹೆಚ್ಚು ನೇರಳಾತೀತ ಒಳಗೆ ಬಿಡುತ್ತದೆ. ತೋಯಿಸಲೇಬೇಕೆಂದರೆ ಎರಡು ಮಡಿಕೆ ಮಾಡಿ ಹೊದ್ದುಕೊಳ್ಳಿ.